ಹನೂರಿನಾಚೆಯ ದಾರಿ

ಯಳಂದೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕನ್ನಡ ಪಾಠ ಹೇಳಿದೆ. ತರಗತಿಯ ಪೂರ್ವದ ಕಿಟಕಿಯಿಂದ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತಿತ್ತು. ಮೋಡ ಕವಿದು ಬೆಟ್ಟ ಮರೆಯಾದರೆ ಹುಡುಗರ ಗಮನ ಪಾಠದತ್ತ ಬರುತ್ತಿತ್ತು; ಬಿಸಿಲು ಬಿದ್ದರೆ ಮತ್ತೆ ಕಿಟಕಿಯ ಕಡೆಗೆ. ಹೀಗೆ ದಿನವೂ ಕಣ್ಣೆದುರಿಗಿದ್ದ ಬೆಟ್ಟಕ್ಕೆ ನಾನು ಹೋಗಿದ್ದುದು ಬೆರಳೆಣಿಕೆಯಷ್ಟು ಸಲ, ಅದೂ ತೇರಿನ ದಿನ, ಬಸ್ಸಿನಲ್ಲಿ ನಿಂತುಕೊಂಡು. ಇನ್ನು ಕೊಳ್ಳೇಗಾಲ ದಾಟಿ, ಹನೂರು ದಾಟಿ ಅದರಾಚೆಗಿನ ಸೀಮೆಯನ್ನು ಕಂಡದ್ದು ಒಂದೇ ಒಂದು ಬಾರಿ. 1989ರಲ್ಲಿ, ನನ್ನ ಶ್ರೀಮತಿಯನ್ನು ಅಲ್ಲಿಯ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಗೆ ಬಿಟ್ಟುಬರಲು, ಒಂದು ತಗಡಿನ ಪೆಟ್ಟಿಗೆ ಮತ್ತು ಸೀಮೆಎಣ್ಣೆ ಸ್ಟೌವ್ ಹೊತ್ತು ಹೋಗಿದ್ದೆ.

ದೂರದ ಊರುಗಳಲ್ಲಿರುವ ಓದುಗರಿಗಾಗಿ ಈ ಸೀಮೆಯ ವಿಚಾರ ಎರಡು ಮಾತು. ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ಇರುವುದು ಅರ್ಧ ಗಂಟೆಯ ಬಸ್ ಪ್ರಯಾಣ. ಆದರೆ 1956ರ ನವೆಂಬರ್ 1ರವರೆಗೆ ಇವೆರಡೂ ಬೇರೆ ಬೇರೆ ರಾಜ್ಯಗಳ ಊರುಗಳು. ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ನಮ್ಮ ತಂದೆಯವರ ಕಾಲದಲ್ಲಿ ಪಕ್ಕದೂರಿನಿಂದ ಹೆಣ್ಣು ತಂದವರೂ ‘ಮದರಾಸು ಸೀಮೆಯ ಹೆಣ್ಣು’ ಎನ್ನುತ್ತಿದ್ದರಂತೆ. ಹನೂರು ನಾವು ಪ್ರವಾಸ ಹೋದಾಗ ಇನ್ನೂ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಈಗ ಅದೂ ಪ್ರತ್ಯೇಕ ತಾಲ್ಲೂಕು. ಹನೂರಿನಿಂದ ಮುಂದೆ ರಾಮಾಪುರ, ಕೌದಳ್ಳಿ, ತಾಳಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕೊನೆಗೆ ಪಾಲಾರ್ ಮತ್ತು ಗೋಪಿನಾಥಂ. ಈ ಹೆಸರುಗಳನ್ನು ಕರ್ನಾಟಕದ ಉಳಿದ ಜನ ಸುಮಾರು ಹದಿನೈದು ವರ್ಷ ಪತ್ರಿಕೆಗಳಲ್ಲಿ ಯಾವ ಕಾರಣಕ್ಕೆ ಓದುತ್ತಿದ್ದರೆಂಬುದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಶ್ರೀಮತಿ ಆ ಹಳ್ಳಿಯಲ್ಲಿದ್ದುದು 1989ರಿಂದ 1997ರವರೆಗೆ, ಎಂಟು ವರ್ಷ. ಹಾಸಿಗೆ ಹಿಡಿದಿದ್ದ ನನ್ನ ತಾಯಿ ಮತ್ತು ಶಾಲೆಗೆ ಹೋಗುವ ಮಗ ನನ್ನೊಡನೆ ಯಳಂದೂರಿನಲ್ಲಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಅವಳು ಮೂರು ಬಸ್ಸು ಬದಲಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಸೋಮವಾರ ನಸುಕಿಗೇ ಮರಳಿ ಹೊರಡುವಳು. ಭಾನುವಾರವೊಂದರಲ್ಲೇ ವಾರದ ಬಟ್ಟೆ, ಹಿಟ್ಟು, ಹುಳಿಪುಡಿ, ಅತ್ತೆಯ ತಲೆಸ್ನಾನ, ಮಗನ ಕಾಪಿ ಪುಸ್ತಕ ಎಲ್ಲ ಆಗಬೇಕು. ಅಲ್ಲಿಯ ಸುದ್ದಿ ಕೇಳಿದರೆ ‘ಎಲ್ಲ ಸರಿಯಾಗಿದೆ’ ಎನ್ನುತ್ತಿದ್ದಳು. ಅಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು.

2014ರ ಮೇ ತಿಂಗಳಲ್ಲಿ ಅವಳೂ ನಿವೃತ್ತಳಾದಳು. ನಾನು ನಿವೃತ್ತನಾಗಿ ಆಗಲೇ ಒಂದು ವರ್ಷವಾಗಿತ್ತು. ಬೆಂಗಳೂರಿನಲ್ಲಿರುವ ಮಗ ಕಾಶಿಗೋ ಸಿಂಗಪುರಕ್ಕೋ ಟಿಕೆಟ್ ಮಾಡಿಸುತ್ತೇನೆಂದು ಹಟ ಹಿಡಿದ. ಅವಳು ಕೇಳಿದ್ದು ಬೇರೆ: “ನನಗೆ ಆ ದಾರಿಯಲ್ಲಿ ಒಂದು ಸಲ ಆತುರವಿಲ್ಲದೆ ಹೋಗಬೇಕು ರೀ. ಬಸ್ಸು ತಪ್ಪಿದರೆ ತಪ್ಪಲಿ ಅನ್ನುವ ಹಾಗೆ.”

ಡಿಸೆಂಬರಿನಲ್ಲಿ ಹೊರಟೆವು, ಎಂಟು ದಿನ. ಮಗ ತಂದುಕೊಟ್ಟ ಬೆನ್ನಚೀಲಗಳನ್ನು ಹೊತ್ತು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಬೀದಿಗೆ ಬಂದಾಗ ಎದುರುಮನೆಯವರು ಎನ್.ಸಿ.ಸಿ. ಕ್ಯಾಂಪಿಗೆ ಹೊರಟಿರಾ ಮೇಷ್ಟ್ರೇ ಎಂದು ವಿಚಾರಿಸಿದರು. ಪ್ರವಾಸಿಗರೆಂದ ಮೇಲೆ ಸ್ವಂತ ಊರಿನಿಂದಲೇ ಶುರುವಾಗಲಿ ಎಂದು ಮೊದಲು ಗೌರೀಶ್ವರ ದೇವಸ್ಥಾನದ ಬಳೆಮಂಟಪಕ್ಕೆ ಹೋದೆವು. ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿ ಅಲ್ಲಿಯ ವಿಶೇಷ. ನೂರಾರು ಸಲ ಅದರ ಮುಂದೆ ಸೈಕಲ್ಲಿನಲ್ಲಿ ಹಾದುಹೋಗಿದ್ದರೂ ಕತ್ತೆತ್ತಿ ನೋಡಿದ್ದು ಕಡಮೆ. ಇದೇ ಯಳಂದೂರು ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮನ ಊರು. ಹದಿನೇಳನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೆಣ್ಣುಮಗಳು ಪತಿವ್ರತೆಯ ಧರ್ಮವನ್ನು ಸಾಂಗತ್ಯದಲ್ಲಿ ಹಾಡಿದಳು. ನಾನು ಆ ಕಾವ್ಯಭಾಗವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ. ಶ್ರೀಮತಿ ಬಳೆಗಳನ್ನು ನೋಡಿ, “ಕಲ್ಲಿನ ಬಳೆಯಾದ್ದರಿಂದ ಪಾತ್ರೆ ತಿಕ್ಕಿದರೂ ಒಡೆಯುವುದಿಲ್ಲ” ಎಂದಳು. ಮಧ್ಯಾಹ್ನದ ಬಸ್ಸಿಗೆ ಬೆಟ್ಟ ಹತ್ತಿದೆವು.

ಬಿಳಿಗಿರಿರಂಗನ ಬೆಟ್ಟ ಸಮುದ್ರ ಮಟ್ಟದಿಂದ ಐದು ಸಾವಿರ ಅಡಿಗೂ ಎತ್ತರ. ದೇವಸ್ಥಾನದ ಪ್ರಾಂಗಣದ ಅಂಚಿನಲ್ಲಿ ನಿಂತರೆ ನಮ್ಮೂರು, ಕೆರೆಗಳು, ಗದ್ದೆಬಯಲು ಎಲ್ಲ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತವೆ. ಇಷ್ಟು ವರ್ಷ ಕಿಟಕಿಯಿಂದ ಬೆಟ್ಟ ನೋಡಿದವನು ಅಂದು ಬೆಟ್ಟದಿಂದ ಕಿಟಕಿ ಹುಡುಕಿದೆ, ಸಿಗಲಿಲ್ಲ. ಇಲ್ಲಿಯ ರಂಗನಾಥನಿಗೆ ದೊಡ್ಡ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಒಪ್ಪಿಸುವ ಪದ್ಧತಿಯಿದೆ. ದೇವರು ರಾತ್ರಿ ಕಾಡಿನಲ್ಲಿ ಓಡಾಡುತ್ತಾನೆ, ಅದರಿಂದ ಅವು ಸವೆಯುತ್ತವೆ ಎಂಬುದು ನಂಬಿಕೆ. ಸೋಲಿಗರಿಗೆ ಅವನು ಬಾವ. ಅವರ ಕುಲದ ಕುಸುಮಾಲೆಯನ್ನು ಮೋಹಿಸಿ ಮದುವೆಯಾದವನಾದ್ದರಿಂದ ದೇವರೊಡನೆ ಸಲಿಗೆ, ಗೇಲಿ ಎರಡೂ ಉಂಟು. ನಮ್ಮೊಡನೆ ದಾರಿ ತೋರಿಸಲು ಬಂದ ಸೋಲಿಗ ಹಿರಿಯ, “ನಮ್ ಬಾವ ಅಲ್ವಾ ಸಾರ್, ಕೈಮುಗೀದಿದ್ರೂ ಕೋಪ ಮಾಡ್ಕಳದಿಲ್ಲ” ಎಂದು ನಕ್ಕ.

ಮರುದಿನ ಅರಣ್ಯ ಇಲಾಖೆಯ ಅನುಮತಿ ಪಡೆದು ಆತನೊಡನೆಯೇ ದೊಡ್ಡ ಸಂಪಿಗೆಗೆ ಹೋದೆವು. ಭಾರ್ಗವಿ ಹೊಳೆಯ ದಡದಲ್ಲಿ ನಿಂತಿರುವ ಆ ಸಂಪಿಗೆ ಮರ ಸೋಲಿಗರಿಗೆ ದೇವರು. ಬುಡದಲ್ಲಿ ಲಿಂಗಾಕಾರದ ಕಲ್ಲುಗಳ ಗುಂಪು. ಮರದ ವಯಸ್ಸಿನ ಬಗ್ಗೆ ಫಲಕಗಳೂ ಬಾಯಿಮಾತುಗಳೂ ಸಾವಿರ, ಎರಡು ಸಾವಿರ ಎನ್ನುತ್ತವೆ. ಕಾಂಡದ ಗಂಟುಗಳನ್ನು ಮುಟ್ಟಿ ನೋಡಿದರೆ ಲೆಕ್ಕ ಕೇಳುವ ಮನಸ್ಸಾಗುವುದಿಲ್ಲ. ದಾರಿಯುದ್ದಕ್ಕೂ ಲಂಟಾನ ಪೊದೆ ಆಳೆತ್ತರ ಬೆಳೆದಿತ್ತು. ಹಿಂದೆ ಬೇಸಗೆಯ ಆರಂಭದಲ್ಲಿ ಸೋಲಿಗರು ‘ತರಗುಬೆಂಕಿ’ ಹಾಕುತ್ತಿದ್ದರಂತೆ: ಒಣಗಿದ ಎಲೆಗಳನ್ನಷ್ಟೇ ಸುಡುವ, ಮರಕ್ಕೆ ತಾಗದ ಬೆಂಕಿ. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಅದು ನಿಂತಿತು. ನಿಂತದ್ದರಿಂದಲೇ ಲಂಟಾನ ಹಬ್ಬಿತೆಂದು ಅವರ ದೂರು. 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿಕಾಯಿ, ಪಾಚಿ ಮುಂತಾದುವುಗಳನ್ನು ಸಂಗ್ರಹಿಸುವ ಸಮುದಾಯ ಹಕ್ಕುಗಳೂ ದೊರೆತವು. ಒಂದೇ ಕಾಡಿಗೆ ಒಂದೇ ವರ್ಷದಲ್ಲಿ ಎರಡು ಕಾಗದ! ನಮ್ಮ ಹಿರಿಯನಿಗೆ ಎರಡರ ವಿಚಾರವೂ ಚೆನ್ನಾಗಿ ಗೊತ್ತಿತ್ತು. ಕಾಗದವನ್ನು ನಂಬುವ ವಿಷಯದಲ್ಲಿ ಮಾತ್ರ ಆತ ನಮ್ಮ ಇಲಾಖೆಯ ಗುಮಾಸ್ತರಷ್ಟೇ ಎಚ್ಚರಿಕೆಯವನು.

ಹಿಂದಿರುಗುವಾಗ ಒಂದು ತಿರುವಿನಲ್ಲಿ ನನ್ನ ಶ್ರೀಮತಿ ತಟ್ಟನೆ ನಿಂತು ನನ್ನ ತೋಳು ಹಿಡಿದಳು. ಹಿರಿಯ ನಿಂತದ್ದು ಅದಾದ ಮೇಲೆ. ಅವನು ಮೂಗು ಮೇಲೆತ್ತಿ, ಅವಳ ಮುಖ ನೋಡಿ, ಹೌದೆಂಬಂತೆ ತಲೆಯಾಡಿಸಿದ. ನನಗೇನೂ ತಿಳಿಯಲಿಲ್ಲ. ಐದು ನಿಮಿಷ ಕಳೆದು ಬಿದಿರು ಮುರಿಯುವ ಸದ್ದು ಎಡಗಡೆಯಿಂದ ದೂರ ಸರಿಯಿತು. ಆನೆ! ನಿನಗೆ ಹೇಗೆ ತಿಳಿಯಿತೆಂದು ಕೇಳಿದೆ. “ವಾಸನೆ. ಬೆಳಗ್ಗೆ ಶಾಲೆಯ ಬೀಗ ತೆಗೆಯುವ ಮುಂಚೆ ಒಂದು ಸಲ ನಿಂತು ನೋಡುವುದು ಅಭ್ಯಾಸವಾಗಿತ್ತು” ಎಂದಳು. ನಾನು ಅವಳ ಗಂಡನಾಗಿ ಆಗ ಮೂವತ್ತಮೂರು ವರ್ಷವಾಗಿತ್ತು.

ಆ ರಾತ್ರಿ ಕೆ. ಗುಡಿಯ, ಎಂದರೆ ಕ್ಯಾತದೇವರ ಗುಡಿಯ, ಬಿಡಾರದಲ್ಲಿ ಡೇರೆಯ ವಾಸ. ಕಡವೆಯ ಕೂಗಿಗೆ ನಾನು ಮೂರು ಸಲ ಎದ್ದು ಕುಳಿತೆ. ಅವಳು ಸುಖವಾಗಿ ನಿದ್ರೆ ಮಾಡಿದಳು.

ಮುಂದಿನ ಎರಡು ದಿನ ಕೊಳ್ಳೇಗಾಲದಲ್ಲಿ. ರೇಷ್ಮೆ ನೇಯುವ ಬೀದಿಗಳು, ಅವಳು ಸೋಮವಾರಗಳಂದು ಇಡ್ಲಿ ತಿನ್ನುತ್ತಿದ್ದ ಬಸ್ ನಿಲ್ದಾಣದ ಪಕ್ಕದ ಹೋಟೆಲು, ಭರಚುಕ್ಕಿ. ಡಿಸೆಂಬರಿನ ಜಲಪಾತ ಜಡೆ ಬಿಚ್ಚಿದಂತೆ ಅಲ್ಲಲ್ಲಿ ಎಳೆಎಳೆಯಾಗಿ ಇಳಿಯುತ್ತಿತ್ತು. ಇದೇ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತೆಂದು ನಾನು ವಿವರಿಸಹೊರಟರೆ, ಅವಳು ಅದನ್ನು ನಾಲ್ಕನೆಯ ತರಗತಿಗೆ ಹೇಳಿಕೊಡುತ್ತಿದ್ದುದಾಗಿ ನೆನಪಿಸಿದಳು. ಚಿನ್ನಕ್ಕೆ ದೀಪ ಹೋದ ತೊಂಬತ್ತು ವರ್ಷದ ಮೇಲೂ ಅವಳ ಶಾಲೆಗೆ ತಂತಿ ಬಂದಿರಲಿಲ್ಲ ಎಂಬುದನ್ನೂ ಸೇರಿಸಿದಳು.

ಐದನೆಯ ದಿನ ಹನೂರಿನ ಬಸ್ಸು ಹತ್ತಿದೆವು. ದಾರಿಯಲ್ಲಿ ಕಾಮಗೆರೆ. ಮಾಜಿ ಸಚಿವ ಎಚ್. ನಾಗಪ್ಪನವರನ್ನು 2002ರ ಆಗಸ್ಟ್ 25ರಂದು ವೀರಪ್ಪನ್ ಅಪಹರಿಸಿದ್ದು ಇಲ್ಲಿಂದಲೇ. ಡಿಸೆಂಬರಿನಲ್ಲಿ ಅವರ ದೇಹ ಕಾಡಿನಲ್ಲಿ ಸಿಕ್ಕಿತು. ಅದಕ್ಕೆ ಎರಡು ವರ್ಷ ಮೊದಲು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ, ನೂರೆಂಟು ದಿನ. ಆದರೆ ನನ್ನ ಶ್ರೀಮತಿ ಈ ದಾರಿಯಲ್ಲಿ ಓಡಾಡಿದ್ದು ಇವಕ್ಕೂ ಹಿಂದಿನ, ಇವಕ್ಕಿಂತ ಕೆಟ್ಟ ವರ್ಷಗಳಲ್ಲಿ: 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ, ಅದೇ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ಅಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ಹತ್ಯೆ, 1993ರ ಏಪ್ರಿಲ್ 9ರಂದು ಪಾಲಾರಿನ ನೆಲಬಾಂಬ್ ಸ್ಫೋಟ. ಊರಿನವರಿಗೆ ರಾತ್ರಿ ಬಾಗಿಲು ತಟ್ಟಿದವರಿಗೆ ಅಕ್ಕಿ ಕೊಟ್ಟರೂ ಭಯ, ಕೊಡದಿದ್ದರೂ ಭಯ. ಆ ಕಾಲದ ಕಾರ್ಯಾಚರಣೆಯಲ್ಲಿ ಅಮಾಯಕರು ಅನುಭವಿಸಿದ ಪಾಡನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು.

1992ರ ಆ ಆಗಸ್ಟ್ ನನಗೆ ಚೆನ್ನಾಗಿ ನೆನಪಿದೆ. ಹದಿನೈದನೆಯ ತಾರೀಕು ಶನಿವಾರ. ಧ್ವಜಾರೋಹಣ ಮುಗಿಸಿ ಅವಳು ಬರಬೇಕಾಗಿತ್ತು, ಬರಲಿಲ್ಲ. ಭಾನುವಾರ ಸುದ್ದಿ ತಿಳಿದು ಹನೂರಿನವರೆಗೆ ಹೋದೆ. ಮುಂದಕ್ಕೆ ಬಸ್ಸಿಲ್ಲವೆಂದರು. ಸಂಜೆಯವರೆಗೆ ಕಾದು, ತಾಯಿಯನ್ನೂ ಮಗನನ್ನೂ ನೆನೆದು ಹಿಂದಿರುಗಿದೆ. ಬುಧವಾರ ಒಂದು ಅಂಚೆಕಾರ್ಡು ಬಂತು. ‘ಕ್ಷೇಮ. ಮಕ್ಕಳ ಗಣತಿಯ ಕೆಲಸವಿದೆ. ಈ ವಾರವೂ ಬರಲಾಗದು. ಅತ್ತೆಯವರಿಗೆ ಕಷಾಯ ತಪ್ಪಿಸಬೇಡಿ.’ ಎರಡು ವಾರ ಕಳೆದು ಬಂದಾಗ ಗಣತಿ ಮುಗಿಯಿತೆಂದು ಹೇಳಿ ಒಲೆ ಹಚ್ಚಿದಳು.

ಮುಖ್ಯರಸ್ತೆ ಬಿಟ್ಟು, ರಾಮಾಪುರದ ಕಡೆಯ ಆ ಹಳ್ಳಿಗೆ ಸುಮಾರು ಮೂರು ಮೈಲಿ ನಡೆದೇ ಹೋದೆವು. ಮುಸುಕಿನ ಜೋಳದ ಕೂಳೆ, ರಾಗಿಯ ಮೆದೆ, ಹುಣಿಸೆಸಾಲು. ಅವಳು ಮುಂದೆ, ನಾನು ಹಿಂದೆ. ಶಾಲೆಗೆ ಹೊಸ ಕಟ್ಟಡ ಬಂದಿತ್ತು. ಹಳೆಯ ಎರಡು ಕೋಣೆಗಳು ಹೆಂಚು ಜಾರಿ, ಹುಣಿಸೆಮರದ ಕೆಳಗೆ ಹಾಗೆಯೇ ನಿಂತಿದ್ದವು. ನಾವು ನೋಡುತ್ತಿರುವಾಗ ಎದುರಿನ ಚಿಲ್ಲರೆ ಅಂಗಡಿಯಿಂದ ಮೂವತ್ತು ದಾಟಿದ ಒಬ್ಬಾತ ಓಡಿ ಬಂದು ಅವಳ ಕಾಲು ಮುಟ್ಟಿದ.

“ಗುರ್ತು ಸಿಕ್ನಿಲ್ವಾ ಟೀಚರ್? ನಾನು, ಮಗ್ಗಿ ಹೇಳ್ದೆ ಮರ ಹತ್ಕೊಂಡವ್ನು.”

ಗುರುತು ಸಿಕ್ಕಿತು. ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದ. ಹೆಂಡತಿಯನ್ನು ಕರೆದು, “ಅದೇ ಟೀಚರು ಕಣೆ, ಇಸ್ಕೂಲ್ನಲ್ಲಿ ಮನಿಕತಿದ್ದೊ ಅಂತ ಯೋಳ್ನಿಲ್ವಾ” ಎಂದ. ನನ್ನ ಶ್ರೀಮತಿ ಮಾತು ಬದಲಿಸಲು ನೋಡಿದಳು. ಅವನಿಗೆ ಅದು ತಿಳಿಯಲಿಲ್ಲ.

“ಮೀಣ್ಯದತ್ರ ಗಲಾಟಿ ಆಯ್ತಲ್ಲ ಸಾರ್, ಆ ವರ್ಷ. ಗಂಡಸ್ರೆಲ್ಲ ರಾತ್ರೋರಾತ್ರಿ ಊರ್ ಬುಟ್ಟೋದ್ರು. ಬೆಳಗಾದ್ರೆ ಬಾವುಟದ ಹಬ್ಬ. ನಾವ್ ಏಳೇ ಮಕ್ಕ ಬಂದಿದ್ದೊ. ಟೀಚರು ಬಾವುಟ ಏರ್ಸಿ ಬೆಲ್ಲ ಕಡ್ಲೆ ಕೊಟ್ರು. ಸಾಯಂಕಾಲ ಹೆಂಗಸ್ರು ಮಕ್ಕ ಎಲ್ಲ ಚಾಪೆ ಸುತ್ಕೊಂಡು ಇಸ್ಕೂಲ್ಗೇ ಬಂದ್ಬುಟ್ಟೊ. ಒಂಬತ್ ರಾತ್ರ ಸಾರ್. ಬಾಗ್ಲಿಗೆ ಮೇಜು ಅಡ್ಡ ಎಳ್ದು ಅದ್ರ ಮೇಲೆ ಟೀಚರು ಕೂತ್ಕತಿದ್ರು. ನಿದ್ದೆ ಬರ್ದಿದ್ರೆ ಮಗ್ಗಿ ಯೋಳ್ಸೋರು. ಹದಿನಾರರ ಮಗ್ಗಿ ನಾನ್ ಕಲ್ತಿದ್ದು ಆಗ್ಲೇ.”

ಹೇಳಿ, ಹದಿನಾರರ ಮಗ್ಗಿಯನ್ನು ಅಲ್ಲಿಯೇ ಪೂರ್ತಿ ಒಪ್ಪಿಸಿದ. ನೂರಅರವತ್ತಕ್ಕೆ ಬಂದಾಗ ಅವಳು ತಲೆಯಾಡಿಸಿದಳು. ಅವಳಿಗೆ ಬೇರೆ ಯಾವ ಮಾತೂ ಹೊರಡಲಿಲ್ಲ. ನಾನು ಟೀ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದೆ, ಕೆನೆ ಕಟ್ಟಿತ್ತು.

ಆ ದಿನ ನಾನೇನೂ ಕೇಳಲಿಲ್ಲ. ಕೇಳಿದ್ದು ಮರುದಿನ, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹತ್ತುವಾಗ. ಕೊಳ್ಳೇಗಾಲ, ಮಂಡ್ಯ, ಕನಕಪುರದ ಕಡೆಯ ಭಕ್ತರು ಹರಕೆ ಹೊತ್ತು ಏರುವ ಹಾದಿ ಅದು. ಕೆಲವೆಡೆ ರಸ್ತೆಯ ಜೊತೆಗೆ, ಕೆಲವೆಡೆ ಅದನ್ನು ಕಡಿದು ಕಾಡಿನೊಳಗೆ. ಬರಿಗಾಲಿನ ಅಜ್ಜಿಯರು ‘ಉಘೇ’ ಎನ್ನುತ್ತ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಆನೆತಲೆದಿಂಬದ ಹತ್ತಿರ ಉಸಿರು ಸುಧಾರಿಸಿಕೊಳ್ಳಲು ಕುಳಿತೆವು. ಪಕ್ಕದಲ್ಲಿ ಕಂಸಾಳೆಯವರ ತಂಡವೊಂದು ಸಂಕಮ್ಮನ ಸಾಲನ್ನು ಹಾಡುತ್ತಿತ್ತು. ಓದುಗರಲ್ಲಿ ಅನೇಕರಿಗೆ ಕಥೆ ಗೊತ್ತು. ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಡುವಾಗ, ತಾನಿಲ್ಲದಾಗ ಶೀಲ ಕೆಡುವುದಿಲ್ಲವೆಂದು ಭಾಷೆ ಕೊಡು ಎಂದು ಸಂಕಮ್ಮನನ್ನು ಪೀಡಿಸುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸಿಸುತ್ತಾನೆ, ಮಂತ್ರಹಾಕಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರನೇ ಬಂದು ಅವಳಿಗೆ ಮಕ್ಕಳ ವರ ಕೊಡಬೇಕಾಯಿತು. ಕೆಳಗಿನ ಊರಿನ ಹೊನ್ನಮ್ಮ ಪತಿವ್ರತೆಯ ನಡೆ ಹೇಗಿರಬೇಕೆಂದು ಹಾಡಿದಳು. ಮೇಲಿನ ಮಲೆಯ ಸಂಕಮ್ಮ ಅದಕ್ಕೆ ಪ್ರಮಾಣ ಕೊಡೆನೆಂದಳು. ಎರಡೂ ಅಕ್ಕಪಕ್ಕದ ಸೀಮೆಗಳು. ಮೂವತ್ತು ವರ್ಷ ನಾನು ಪಾಠ ಮಾಡಿದ್ದು ಮೊದಲನೆಯವಳನ್ನು. ಎರಡನೆಯವಳು ನಮ್ಮ ಪಠ್ಯದಲ್ಲಿರಲಿಲ್ಲ.

ಇದನ್ನೇ ನಾನು ಅಲ್ಲಿ ಕುಳಿತು ಸ್ವಲ್ಪ ದೀರ್ಘವಾಗಿಯೇ ವ್ಯಾಖ್ಯಾನಿಸಿದೆ. ಅವಳು ಕಡಲೆಪುರಿ ತಿನ್ನುತ್ತ ಕೇಳಿ, “ನಮ್ಮಲ್ಲಿ ಜೇನಿಗೆ ಹೋದವಳು ನಾನು. ಭಾಷೆ ಕೇಳಬೇಕಾಗಿದ್ದರೆ ನಾನೇ ಕೇಳಬೇಕಾಗಿತ್ತು” ಎಂದಳು.

ಆಗ ಕೇಳಿದೆ, ಗಣತಿಯೆಂದು ಏಕೆ ಬರೆದೆ ಎಂದು.

ಅವಳು ಪುರಿಯ ಪೊಟ್ಟಣವನ್ನು ಮಡಿಸಿದಳು. “ಇದ್ದದ್ದು ಬರೆದಿದ್ದರೆ ನೀವು ಹೇಗಾದರೂ ಬಂದು ಕರೆದುಕೊಂಡು ಹೋಗುತ್ತಿದ್ದಿರಿ. ನಾನೂ ಬಂದುಬಿಡುತ್ತಿದ್ದೆ. ಅಷ್ಟು ಭಯವಿತ್ತು ನನಗೆ. ಆಮೇಲೆ ಆ ಮೇಜಿನ ಮೇಲೆ ಕೂರುವವರು ಯಾರು?” ಸ್ವಲ್ಪ ತಡೆದು ಹೇಳಿದಳು: “ಗಣತಿ ಅಂದದ್ದು ಸುಳ್ಳೇನೂ ಅಲ್ಲ. ದಿನಾ ರಾತ್ರಿ ಎಣಿಸುತ್ತಿದ್ದೆ. ಮೂವತ್ತೊಂದು ತಲೆ. ಬೆಳಗ್ಗೆ ಮತ್ತೆ ಎಣಿಸುತ್ತಿದ್ದೆ.”

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಬೆನ್ನಚೀಲ ಎರಡನ್ನೂ ನಾನೇ ಹೊತ್ತುಕೊಂಡೆ. ಮುಂದಿನ ತಿರುವಿನಲ್ಲಿ ಮಂಡಿ ನೋವು ಬಂದು ಒಂದನ್ನು ಅವಳಿಗೆ ಹಿಂತಿರುಗಿಸಬೇಕಾಯಿತೆಂಬುದು ಬೇರೆ ಮಾತು.

ಬೆಟ್ಟದಲ್ಲಿ ದರ್ಶನ, ದಾಸೋಹದ ಊಟ, ಒಂದು ರಾತ್ರಿ. ಅಲ್ಲಿಂದ ಬಸ್ಸಿನಲ್ಲಿ ಪಾಲಾರ್ ಕಡೆಗೆ ಇಳಿದು ಗೋಪಿನಾಥಂ ಸೇರಿದೆವು. ವೀರಪ್ಪನ್ ಹುಟ್ಟಿದ ಊರು. ಪ್ರವಾಸಿಗರು ಅವನ ಕಥೆ ಕೇಳುತ್ತ ಬರುತ್ತಾರೆ. ನನಗಾದರೋ ಆ ಊರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು. ಬಂದೂಕಿಲ್ಲದೆ ಜನರ ನಡುವೆ ಬಾಳಿ, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ಹೋದವರನ್ನು 1991ರ ನವೆಂಬರ್ 10ರಂದು ಕೊಂದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಗುಡಿಯ ಮುಂದೆ ಇಬ್ಬರೂ ತುಸು ಹೊತ್ತು ನಿಂತೆವು.

ಊರಿನ ಹೊರಗೆ ಕಾವೇರಿ ವನ್ಯಧಾಮದ ಅಂಚಿನಲ್ಲಿ ಚಾರಣಿಗರಿಗಾಗಿ ಹಾಕಿದ ಡೇರೆಗಳಲ್ಲಿ ನಮ್ಮ ಕೊನೆಯ ಎರಡು ರಾತ್ರಿಗಳು ಕಳೆದವು. ದಾರಿ ತೋರಿಸುವವರು ಅಲ್ಲಿಯ ತರುಣರೇ. ವೀರಪ್ಪನ್ ಸತ್ತ 2004ರಲ್ಲಿ ಅವರು ಪ್ರಾಥಮಿಕ ಶಾಲೆಯ ಮಕ್ಕಳಾಗಿದ್ದಿರಬೇಕು. ಒಣಕಾಡಿನಲ್ಲಿ ಏಳೆಂಟು ಕಿಲೋಮೀಟರ್ ಸುತ್ತಿಸಿ, ಕರಡಿ ಕೆರೆದ ಹುತ್ತ, ಆನೆ ಮೈ ತಿಕ್ಕಿದ ಮರ ತೋರಿಸಿದರು. ನನ್ನ ಶ್ರೀಮತಿ ಅವರಿಗೆ ಎರಡು ಮರಗಳ ಹೆಸರನ್ನು ತಿದ್ದಿಕೊಟ್ಟಳು.

ಹೊರಡುವ ಬೆಳಗ್ಗೆ ಬಿಡಾರದ ಹುಡುಗ ಸಂದರ್ಶಕರ ಪುಸ್ತಕ ತಂದಿಟ್ಟ. ಬೆಂಗಳೂರು, ಈರೋಡು, ಮೈಸೂರು, ಪುಣೆ ಎಂದು ಊರಿನ ಅಂಕಣದ ತುಂಬ ದೊಡ್ಡ ದೊಡ್ಡ ಪಟ್ಟಣಗಳು. ಅವಳು ಕನ್ನಡಕ ಹಾಕಿಕೊಂಡು ಹೆಸರು ಬರೆದು, ಊರಿನ ಅಂಕಣದಲ್ಲಿ ಆ ಹಳ್ಳಿಯ ಹೆಸರನ್ನು ಬರೆದಳು. ನಾನು ಅದರ ಕೆಳಗೆ ಯಳಂದೂರು ಎಂದು ಬರೆದು ರುಜು ಹಾಕಿದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಹುಡುಗ ಬೇಗ ಹೊರಡಿ, ತಪ್ಪಿದರೆ ಮಧ್ಯಾಹ್ನದವರೆಗೆ ಬೇರೆಯಿಲ್ಲ ಎಂದ. ಅವಳು ಇನ್ನೊಂದು ಲೋಟ ಟೀ ಸಿಗುತ್ತದೆಯೇ ಎಂದು ಅವನನ್ನು ಕೇಳಿದಳು.